ಕೋಗಿಲೆ ಮೀನಿಗೆ ಸಾಕುತಾಯಿ ಬೇಕಾಗಿದ್ದಾಳೆ

ಚೆನ್ನೈಗೆ ಬಂದ ಹೊಸದರಲ್ಲಿ ನಮ್ಮ ಮನೆಯ ದೊಡ್ಡ ದೂರು ನೀರಿನದು. ಅಂಬತ್ತೂರಿನ ನಮ್ಮ ಫ್ಲ್ಯಾಟಿಗೆ ಬರುವುದು ಬೋರ್‌ವೆಲ್ ನೀರು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಸುಣ್ಣ ಕಟ್ಟುತ್ತದೆ. ನಾವು ತೀರ್ಥಹಳ್ಳಿ ಕಡೆಯವರು. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತು ಕೇಳುತ್ತಾ ಬೆಳೆದವರಿಗೆ ಈ ನೀರು ಬಾಯಿಗಿಡಲು ಆಗುತ್ತಿರಲಿಲ್ಲ. ಕುಡಿಯಲು ಕ್ಯಾನ್ ನೀರು, ಉಳಿದದ್ದಕ್ಕೆಲ್ಲ ಗೊಣಗಾಟ. ಹೀಗೇ ವರ್ಷಗಳು ಕಳೆದವು.

ಅದೇ ನೀರು ವರವಾಗಬಹುದು ಎಂದು ಗೊತ್ತಾದದ್ದು ಕೊಳತ್ತೂರಿನಲ್ಲಿ. ಚೆನ್ನೈನಲ್ಲಿ ಬಣ್ಣದ ಮೀನಿನ ವ್ಯಾಪಾರಕ್ಕೆ ಹೆಸರಾದ ಬಡಾವಣೆ ಅದು. 2020ರ ಲಾಕ್‌ಡೌನ್ ಸಡಿಲವಾದ ಮೇಲೆ ಮಗಳ ಹಟಕ್ಕೆ ಮಣಿದು ಒಂದು ಭಾನುವಾರ ಹೋಗಿದ್ದೆವು. ಗೋಲ್ಡ್‌ಫಿಶ್ ಕೇಳಿದರೆ ಅಂಗಡಿಯವರು, ‘ಮನೆಯಲ್ಲಿ ಯಾವ ನೀರು?’ ಎಂದರು. ‘ಬೋರ್ ನೀರು, ಬೇಳೆ ಕೂಡ ಬೇಯಲ್ಲ’ ಎಂದೆ. ‘ಬೇಳೆ ಬೇಯದ ನೀರಿಗೆ ಆಫ್ರಿಕನ್ ಸಿಕ್ಲಿಡ್ ಇಡಿ ಸಾರ್’ ಎಂದು ನಕ್ಕರು. ಪೂರ್ವ ಆಫ್ರಿಕದ ಟ್ಯಾಂಗನಿಕಾ ಸರೋವರದ ನೀರು ಗಡಸು, ಕ್ಷಾರೀಯ, ಪಿಎಚ್ 8.5ಕ್ಕೂ ಮೇಲೆ. ಮಲಾವಿ ಸರೋವರದ ನೀರೂ ಕ್ಷಾರೀಯವೇ. ಅಲ್ಲಿಯ ಮೀನುಗಳು ನಮ್ಮ ಬೋರ್ ನೀರಿನಲ್ಲಿ ಮಾವನ ಮನೆಗೆ ಬಂದ ಅಳಿಯನ ಹಾಗೆ ಆರಾಮಾಗಿರುತ್ತವೆ.

ಮೂರು ಅಡಿಯ ಟ್ಯಾಂಕು ಒಂದೇ ವರ್ಷದಲ್ಲಿ ಐದು ಅಡಿಯದಾಯಿತು. 2021ರ ಕೊನೆಗೆ ಅದೇ ಅಂಗಡಿಯಿಂದ ಆರು ಕೋಗಿಲೆ ಮೀನಿನ ಮರಿಗಳನ್ನು ತಂದೆ. ಇಂಗ್ಲಿಷಿನಲ್ಲಿ ಕುಕೂ ಕ್ಯಾಟ್‌ಫಿಶ್ ಎನ್ನುತ್ತಾರೆ. ಇವು ಏನು ಮಾಡುತ್ತವೆ ಎಂದು ವಿವರಿಸಿದಾಗ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: ‘ಎಂಥದು ಮಾರಾಯ್ರೆ, ದುಡ್ಡು ಕೊಟ್ಟು ಕಳ್ಳನನ್ನು ಮನೆಗೆ ತಂದಿದ್ದೀರಲ್ಲ!’

ಮೀನಿನ ಲೋಕದ ಪರಪುಟ್ಟ

ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆ ಇಡುವುದು ನಮಗೆಲ್ಲ ಗೊತ್ತು. ಹಳಗನ್ನಡದಲ್ಲಿ ಕೋಗಿಲೆಗೆ ‘ಪರಪುಟ್ಟ’ ಎಂಬ ಹೆಸರೇ ಇದೆ. ಪರರು ಪೋಷಿಸಿದ್ದು ಎಂದರ್ಥ. ಈ ಕೆಲಸವನ್ನು ನೀರಿನೊಳಗೆ ಮಾಡುವ ಮೀನೇ ಸಿನೊಡಾಂಟಿಸ್ ಮಲ್ಟಿಪಂಕ್ಟೇಟಸ್. ಟ್ಯಾಂಗನಿಕಾ ಸರೋವರದ್ದು. ಬಿಳಿ ಮೈಮೇಲೆ ಕಪ್ಪು ಚುಕ್ಕೆ, ದೊಡ್ಡ ಕಣ್ಣು, ಚುಕ್ಕೆಯಿಲ್ಲದ ಹೊಟ್ಟೆ, ಬೆನ್ನ ಮೇಲೆ ಬಿಳಿ ಅಂಚಿನ ಕಪ್ಪು ರೆಕ್ಕೆ, ಬಾಯಿಯ ಸುತ್ತ ಮೀಸೆ. ಬೌಲೆಂಜರ್ ಎಂಬ ವಿಜ್ಞಾನಿ ಇದಕ್ಕೆ ಹೆಸರಿಟ್ಟದ್ದು 1898ರಲ್ಲಿ. ಆದರೆ ಇದರ ಕಳ್ಳಾಟ ಬಯಲಾಗಲು ಇನ್ನೂ 88 ವರ್ಷ ಬೇಕಾಯಿತು. ಜಪಾನಿನ ತೆತ್ಸು ಸಾಟೊ ಅವರು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ವಿವರಿಸಿದರು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಹಕ್ಕಿಗಳನ್ನು ಬಿಟ್ಟರೆ, ಪೂರ್ತಿಯಾಗಿ ಪರರ ತಾಯ್ತನವನ್ನೇ ನಂಬಿ ಬದುಕುವ ಜೀವಿ ಇದೊಂದೇ ಎಂದು ವಿಜ್ಞಾನಿಗಳು ಹೇಳುತ್ತಾರೆ.

ಕಾಗೆಗೆ ಗೂಡಿದೆ. ಸಿಕ್ಲಿಡ್ ಮೀನಿಗೆ? ಅದರ ಬಾಯಿಯೇ ಗೂಡು. ಆ ಸರೋವರಗಳ ಎಷ್ಟೋ ಸಿಕ್ಲಿಡ್‌ಗಳಲ್ಲಿ ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ತಿರುಗಿ ಅದನ್ನು ಬಾಯೊಳಗೆ ಎತ್ತಿಕೊಳ್ಳುತ್ತದೆ. ಸುಮಾರು ಮೂರು ವಾರ ಬಾಯಿ ಮುಚ್ಚಿಕೊಂಡು, ಹೆಚ್ಚುಕಡಿಮೆ ಉಪವಾಸವಿದ್ದು, ಮರಿಗಳು ಈಜುವಂತಾದ ಮೇಲೆ ಹೊರಗೆ ಬಿಡುತ್ತದೆ. ಕೋಗಿಲೆ ಮೀನು ಹೊಂಚು ಹಾಕುವುದು ಹೆಣ್ಣು ಮೊಟ್ಟೆಯಿಟ್ಟು ತಿರುಗುವ ಆ ಒಂದೆರಡು ಕ್ಷಣಕ್ಕೆ. ನುಗ್ಗಿ ಬಂದು ಸಿಕ್ಕಷ್ಟು ಮೊಟ್ಟೆ ತಿಂದು, ತನ್ನವನ್ನು ಅಲ್ಲೇ ಉದುರಿಸಿ ಹೋಗುತ್ತದೆ. ತಾಯಿ ತಿರುಗಿದಾಗ ನೆಲದಲ್ಲಿರುವುದನ್ನೆಲ್ಲ ಅವಸರದಲ್ಲಿ ಬಾಚಿಕೊಳ್ಳುತ್ತಾಳೆ.

ಮುಂದಿನದು ಬಾಯೊಳಗೆ ನಡೆಯುವ ಕಥೆ. ಕೋಗಿಲೆ ಮೀನಿನ ಮೊಟ್ಟೆ ಚಿಕ್ಕದು, ಬೇಗ ಒಡೆಯುತ್ತದೆ. ಸುಮಾರು ಮೂರು ದಿನ ಸಾಕು. ಸಿಕ್ಲಿಡ್ ಮೊಟ್ಟೆಗೆ ಅದಕ್ಕಿಂತ ಹೆಚ್ಚು ದಿನ ಬೇಕು. ಮೊದಲು ಹುಟ್ಟಿದ್ದು ತನ್ನ ಭಂಡಾರ ಮುಗಿದ ಮೇಲೆ ಪಕ್ಕದಲ್ಲಿರುವ ಸಿಕ್ಲಿಡ್ ಮೊಟ್ಟೆ, ಮರಿಗಳನ್ನು ಒಂದೊಂದಾಗಿ ತಿನ್ನುತ್ತದೆ. ನಮ್ಮ ಕೋಗಿಲೆಯ ಮರಿ ಕಾಗೆಯ ಮರಿಗಳ ಜೊತೆ ಬೆಳೆಯುವುದೂ ಉಂಟು. ಇಲ್ಲಿ ಆ ದಾಕ್ಷಿಣ್ಯ ಕಡಿಮೆ. ತಾಯಿ ಮೂರು ವಾರ ಉಪವಾಸವಿದ್ದು ಕೊನೆಗೆ ಬಾಯಿ ತೆರೆದರೆ, ಎಷ್ಟೋ ಸಲ ಹೊರಬರುವುದು ಚುಕ್ಕೆಯ ಮರಿಗಳು ಮಾತ್ರ.

ಇಷ್ಟು ತಿಳಿದ ಮೇಲೆ ಈ ಮೀನನ್ನು ಮನೆಯಲ್ಲಿ ಮರಿ ಮಾಡಿಸುವವರ ಎದುರಿಗಿರುವ ಮೊದಲ ಪ್ರಶ್ನೆ ಕೋಗಿಲೆ ಮೀನಿನದಲ್ಲ. ಅದಕ್ಕೆ ಸಾಕುತಾಯಿ ಯಾರು? ಬೇರೆ ಮಾತಿನಲ್ಲಿ, ಯಾರ ಮರಿಗಳನ್ನು ಕಳೆದುಕೊಳ್ಳಲು ನೀವು ತಯಾರು?

ಯಾರ ಬಾಯಿಗೆ?

ನನ್ನ ಟ್ಯಾಂಕಿನಲ್ಲಿ, ಅಂಗಡಿಯಲ್ಲಿ ಇದ್ದವರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡಿದೆ. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ.

ಮೊದಲು ನೆನಪಾದದ್ದು ಟ್ರೋಫಿಯಸ್. ಕೋಗಿಲೆ ಮೀನಿನ ಊರಿನದೇ, ಬಾಯಲ್ಲಿ ಮರಿ ಮಾಡುವುದೇ. ಆದರೆ ಅದು ಇಡುವ ಮೊಟ್ಟೆಗಳು ದೊಡ್ಡವು, ಲೆಕ್ಕದಲ್ಲಿ ಕಡಿಮೆ. ಹತ್ತು ಹದಿನೈದು ಆದರೆ ಹೆಚ್ಚು. ಬೆಲೆಯೂ ದುಬಾರಿ. ಅಂಥದ್ದರ ಸಂಸಾರ ಹಾಳು ಮಾಡಲು ಮನಸ್ಸು ಬರಲಿಲ್ಲ.

ಫ್ರಂಟೋಸಾ ಗಂಭೀರ ಮೀನು, ಮೊಟ್ಟೆಯಿಡುವಾಗಲೂ ನಿಧಾನಸ್ಥ. ಆದರೆ ಒಂದಡಿ ಬೆಳೆಯುತ್ತದೆ, ಪ್ರಾಯಕ್ಕೆ ಬರಲು ವರ್ಷಗಟ್ಟಲೆ ಕಾಯಬೇಕು. ವೀನಸ್ಟಸ್ ಹುಟ್ಟು ಬೇಟೆಗಾರ. ದೊಡ್ಡದಾದರೆ ಬಾಯಿಗೆ ಹಿಡಿಯುವ ಯಾವ ಮರಿಯನ್ನೂ ಬಿಡುವುದಿಲ್ಲ. ಅರಾಟಸ್ ಗಂಡು ಜಗಳಗಂಟ. ಕೋಗಿಲೆ ಮೀನು ಹತ್ತಿರ ಬರುವ ಮೊದಲು ತನ್ನ ಹೆಣ್ಣುಗಳನ್ನೇ ಅಟ್ಟಾಡಿಸಿ ಕೊಂದೀತು. ಪೀಕಾಕ್ ಸೌಮ್ಯ. ಆದರೆ ಹೆಣ್ಣು ಅಂಜುಬುರುಕಿ, ಗಲಾಟೆಯ ಟ್ಯಾಂಕಿನಲ್ಲಿ ಗಾಬರಿಯಾಗಿ ಮೊಟ್ಟೆ ಉಗುಳಿಬಿಡುತ್ತದೆ.

ಹಳದಿ ಬಣ್ಣದ ಯೆಲ್ಲೊ ಲ್ಯಾಬ್ ಮನೆಯಲ್ಲಿ ಆಗಲೇ ಇತ್ತು. ಸಾಧು ಮೀನು. ಆದರೆ ಬಾಯಿ ಚಿಕ್ಕದು, ಒಂದು ಸಲಕ್ಕೆ ಹಿಡಿಯುವುದು ಸಾಮಾನ್ಯವಾಗಿ ಹತ್ತಿಪ್ಪತ್ತು ಮೊಟ್ಟೆ. ಅದಕ್ಕಿಂತ ಮುಖ್ಯವಾದ ಕಾರಣ, ಅವು ನನ್ನ ಮಗಳ ಮೀನುಗಳು. ‘ಇವುಗಳ ಪಾಪುಗಳನ್ನು ತಿನ್ನಿಸಿದರೆ ನಿನ್ನ ಜೊತೆ ಮಾತು ಬಿಡ್ತೀನಿ ಅಪ್ಪ’ ಎಂದು ಮೊದಲೇ ಎಚ್ಚರಿಸಿದ್ದಳು.

ಕೊನೆಗೆ ಉಳಿದದ್ದು ಮಲಾವಿಯ ರೆಡ್ ಝೀಬ್ರಾ. ಅಗ್ಗ, ಗಟ್ಟಿ ಜೀವ. ಬೆಳೆದ ಹೆಣ್ಣು ಒಂದು ಸಲಕ್ಕೆ ಮೂವತ್ತು ನಲವತ್ತು ಮೊಟ್ಟೆ ಇಡುವುದು ಅಪರೂಪವಲ್ಲ. ಚೆನ್ನಾಗಿ ಮೇವು ಸಿಕ್ಕರೆ ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಬಾಯಿ ಅಗಲ. ಒಂದು ಸಂಸಾರ ಹೋದರೂ ಮುಂದಿನದಕ್ಕೆ ದಾರಿಯಿದೆ.

ಸಾಕುತಾಯಿಯನ್ನು ಹುಡುಕುವವರು ಇದನ್ನೇ ಲೆಕ್ಕ ಮಾಡಿಕೊಳ್ಳಬಹುದು. ಹೆಣ್ಣೇ ಬಾಯಲ್ಲಿ ಮರಿ ಮಾಡುವ ಜಾತಿಯಾಗಿರಬೇಕು. ಬಾಯಿ, ಮೊಟ್ಟೆಯ ಸಂಖ್ಯೆ ಎರಡೂ ದೊಡ್ಡದಿರಬೇಕು. ಸಂದಿಗೊಂದಿಗಿಂತ ಬಯಲಲ್ಲಿ, ಚಪ್ಪಟೆ ಜಾಗದಲ್ಲಿ ಮೊಟ್ಟೆಯಿಡುವ ಅಭ್ಯಾಸವಿದ್ದರೆ ಒಳ್ಳೆಯದು. ಗಂಡು ತೀರಾ ಮುಂಗೋಪಿಯಾಗಿರಬಾರದು. ಮತ್ತೆ, ಆ ಜಾತಿ ಸುಲಭವಾಗಿ ಸಿಗುವಂಥದ್ದಾಗಿರಬೇಕು. ವಿದೇಶದ ಹವ್ಯಾಸಿಗಳು ವಿಕ್ಟೋರಿಯಾ ಸರೋವರದ ಸಿಕ್ಲಿಡ್‌ಗಳನ್ನೂ ಮೆಚ್ಚುತ್ತಾರೆ. ನನಗೆ ಕೊಳತ್ತೂರಿನಲ್ಲಿ ಅವು ಸಿಗಲಿಲ್ಲ.

ಹೊಸಬರೇ ಸುಲಭದ ತುತ್ತು

ಇಲ್ಲಿ ಒಂದು ಸಂಶಯ ಬರುವುದು ಸಹಜ. ಕೋಗಿಲೆ ಮೀನಿಗೆ ತನ್ನ ಊರಿನ ಸಿಕ್ಲಿಡ್‌ಗಳೇ ಹೆಚ್ಚು ಹೊಂದಬೇಕಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಅಂಗಡಿಯವರು ತಲೆಯಾಡಿಸಿದರು. ‘ಇಲ್ಲ ಸಾರ್. ಊರಿನವರಿಗೆ ಊರ ಕಳ್ಳ ಗೊತ್ತಿರ್ತಾನೆ.’

ಅವರ ಮಾತು ಅನುಭವದ್ದು. ಝೆಕ್ ದೇಶದ ಬ್ರನೋ ನಗರದ ವಿಜ್ಞಾನಿಗಳು ಇದನ್ನೇ ಪ್ರಯೋಗ ಮಾಡಿ ನೋಡಿ 2018ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಟ್ಯಾಂಗನಿಕಾದಲ್ಲಿ ಕೋಗಿಲೆ ಮೀನಿನ ಜೊತೆಗೇ ತಲೆಮಾರುಗಳನ್ನು ಕಳೆದ ಸಿಕ್ಲಿಡ್‌ಗಳು ಮೋಸಹೋಗುವ ಪ್ರಮಾಣ, ಅದನ್ನು ಕಂಡೇ ಇರದ ಹೊರಗಿನ ಸಿಕ್ಲಿಡ್‌ಗಳಿಗಿಂತ 3ರಿಂದ 11 ಪಟ್ಟು ಕಡಿಮೆ ಇತ್ತು. ಊರಿನವು ಕಳ್ಳ ಮೊಟ್ಟೆಯನ್ನು ಬಾಯಿಂದ ಹೊರಹಾಕುವುದೂ ಹೆಚ್ಚು. ವಂಶದ ಹಳೆಯ ಪರಿಚಯದಂತೆ ಒಂದೊಂದು ಮೀನಿನ ಸ್ವಂತ ಅನುಭವವೂ ಲೆಕ್ಕಕ್ಕೆ ಬರುತ್ತದೆ ಎಂಬುದು ಅವರು ಕಂಡುಕೊಂಡ ಇನ್ನೊಂದು ಸಂಗತಿ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಹಳೇ ಕಥೆ ನೆನಪಾಯಿತು. ಚೆನ್ನೈಗೆ ಬಂದ ಮೊದಲ ತಿಂಗಳು ಬಾಡಿಗೆ ಮನೆ ಹುಡುಕುತ್ತಿದ್ದೆ. ಟೀ ಅಂಗಡಿಯಲ್ಲಿ ಮನೆಗೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡ ಒಬ್ಬ ಬಂದು, ‘ಸಾರ್ ಕನ್ನಡದವರಾ?’ ಎಂದ. ಜೀವ ಬಂದ ಹಾಗಾಯಿತು. ಎರಡು ದಿನ ಜೊತೆಗೇ ತಿರುಗಿದ, ಒಂದು ಮನೆ ತೋರಿಸಿದ, ಮುಂಗಡ ಇಸಿದುಕೊಂಡ. ಮೂರನೇ ದಿನ ಫೋನ್ ಸ್ವಿಚ್ ಆಫ್. ಮನೆಯ ಓನರಿಗೆ ಅವನು ಯಾರೆಂದೇ ಗೊತ್ತಿಲ್ಲ. ನಮ್ಮ ಭಾಷೆ ಕಿವಿಗೆ ಬಿದ್ದದ್ದೇ ತಡ, ನಮ್ಮವನೇ ಎಂದು ಎತ್ತಿ ಬಾಯಿಗೆ ಹಾಕಿಕೊಂಡಿದ್ದೆ. ಹೊರಗೆ ದುಡಿಯುವ ನಮ್ಮಲ್ಲಿ ಎಷ್ಟೋ ಜನರ ಹತ್ತಿರ ಇಂಥದ್ದೊಂದು ಕಥೆ ಇದ್ದೇ ಇರುತ್ತದೆ. ರೆಡ್ ಝೀಬ್ರಾ ದಡ್ಡ ಮೀನೇನಲ್ಲ. ಆ ಮೋಸ ಅದರ ಊರಲ್ಲಿ ಇರಲಿಲ್ಲ, ಅಷ್ಟೇ.

ಕಡಪ ಕಲ್ಲಿನ ಮೇಲೆ

ಹೀಗೆ ಒಂದು ಗಂಡು, ಏಳು ಹೆಣ್ಣು ರೆಡ್ ಝೀಬ್ರಾ ತಂದೆ. ಐದು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕು. ಸುಮಾರು 550 ಲೀಟರ್ ನೀರು. ಯೆಲ್ಲೊ ಲ್ಯಾಬ್‌ಗಳಲ್ಲಿ ಹೆಣ್ಣುಗಳೆಲ್ಲ ಹಳೆಯ ಮೂರಡಿ ಟ್ಯಾಂಕಿಗೆ ಹೋದವು. ಕಲ್ಲಿನ ಗುಹೆಗಳನ್ನೆಲ್ಲ ಒಂದು ಬದಿಗೆ ಸರಿಸಿ, ನಡುವೆ ಬಯಲು ಬಿಟ್ಟು, ಅಡುಗೆಮನೆ ಕಟ್ಟೆಗೆ ಹಾಸಿ ಉಳಿದಿದ್ದ ಒಂದಡಿ ಕಡಪ ಕಲ್ಲನ್ನು ಅಲ್ಲಿಟ್ಟೆ. ಗಂಡು ಅದನ್ನೇ ತನ್ನ ಜಹಗೀರು ಮಾಡಿಕೊಂಡಿತು.

ಕೋಗಿಲೆ ಮೀನನ್ನು ಒಂದೋ ಎರಡೋ ತಂದು ಪ್ರಯೋಜನವಿಲ್ಲ. ಐದಾರಾದರೂ ಇರಬೇಕು, ಗುಂಪಾಗಿ ನುಗ್ಗಿದರೆ ಗಂಡು ಸಿಕ್ಲಿಡ್ ಯಾವುದನ್ನು ಅಟ್ಟಬೇಕೆಂದು ತಿಳಿಯದೆ ಗಲಿಬಿಲಿಯಾಗುತ್ತದೆ. ಕೊಳ್ಳುವಾಗ ಜಾತಿ ಖಾತ್ರಿ ಮಾಡಿಕೊಳ್ಳಿ. ಇದನ್ನೇ ಹೋಲುವ ಪೆಟ್ರಿಕೋಲಾ ಎಂಬ ಕುಳ್ಳ ಮೀನು ಪರರ ಬಾಯಿಗೆ ಮೊಟ್ಟೆ ಹಾಕುವುದಿಲ್ಲ. ಫಾರಂಗಳ ಬೆರಕೆ ಮೀನುಗಳೂ ಮಾರುಕಟ್ಟೆಯಲ್ಲಿವೆ. ಹಿಡಿಯುವಾಗ ಬಲೆ ಬೇಡ. ಬೆನ್ನಿನ ಮತ್ತು ಪಕ್ಕದ ಮುಳ್ಳುಗಳು ಬಲೆಗೆ ಸಿಕ್ಕಿಕೊಂಡು ಒದ್ದಾಡುತ್ತವೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಓಡಿಸಿಕೊಳ್ಳುವುದೇ ಸರಿ.

ಚೆನ್ನೈನವರಿಗೆ ಇನ್ನೊಂದು ಮಾತು. ನೀರು 24ರಿಂದ 27 ಡಿಗ್ರಿ ಇದ್ದರೆ ಈ ಮೀನುಗಳಿಗೆ ಹಿತ. ಕತ್ತರಿ ಬಿಸಿಲಿನ ದಿನಗಳಲ್ಲಿ ನಮ್ಮ ಟ್ಯಾಂಕು 31 ಮುಟ್ಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಬಾಯಿ ತುಂಬ ಮೊಟ್ಟೆ ಇಟ್ಟುಕೊಂಡವಳಿಗೆ ಉಸಿರಾಟ ಮೊದಲೇ ಕಷ್ಟ. ಆಗ ಮುಚ್ಚಳ ತೆಗೆದು ಫ್ಯಾನ್ ಹಾಕಿ, ಏರ್ ಪಂಪ್ ಹೆಚ್ಚಿಸಿ. ಮರಿ ಮಾಡಿಸುವ ಆಸೆಯನ್ನು ಮಳೆಗಾಲದ ತನಕ ಮುಂದೂಡಿ.

ಮರಿಗಳಾಗಿ ತಂದ ನನ್ನ ಕೋಗಿಲೆ ಮೀನುಗಳು ಪ್ರಾಯಕ್ಕೆ ಬರಲು ಒಂದೂವರೆ ವರ್ಷ ಹಿಡಿಯಿತು. ಮೊದಲೆರಡು ಸಲ ಝೀಬ್ರಾಗಳು ಮೊಟ್ಟೆಯಿಟ್ಟಾಗ ಇವು ಬರೀ ತಿಂದು ಹೋದವು. 2023ರ ನವೆಂಬರ್ 18, ಶನಿವಾರ ಸಂಜೆ, ಗಂಡು ಕಲ್ಲಿನ ಮೇಲೆ ಮೈ ನಡುಗಿಸುತ್ತಿತ್ತು. ದೊಡ್ಡ ಹೆಣ್ಣೊಂದು ಅದರ ಸುತ್ತ ಸುತ್ತುತ್ತಿತ್ತು. ಪಂಪಿನ ಹಿಂದೆ ಮಲಗಿದ್ದ ಕೋಗಿಲೆ ಮೀನುಗಳು ಒಂದೊಂದಾಗಿ ಎದ್ದು ಬಂದವು. ಆಮೇಲಿನ ಮುಕ್ಕಾಲು ಗಂಟೆ ನಾನು, ಮಗಳು ಕುರ್ಚಿ ಬಿಟ್ಟು ಏಳಲಿಲ್ಲ. ಮೂರು ಒಟ್ಟಿಗೆ ನುಗ್ಗುತ್ತಿದ್ದವು, ಗಂಡು ಒಂದನ್ನು ಅಟ್ಟಿಸಿಕೊಂಡು ಹೋದರೆ ಉಳಿದೆರಡು ಕಲ್ಲಿನ ಮೇಲೆ ಉರುಳಾಡಿ ಮಾಯವಾಗುತ್ತಿದ್ದವು. ಹೆಣ್ಣು ಮಾತ್ರ ಪ್ರತಿ ಸಲ ತಿರುಗಿ, ತಪ್ಪದೆ, ಕಂಡದ್ದನ್ನೆಲ್ಲ ಎತ್ತಿಕೊಂಡಿತು.

ನನಗೆ ಸಂಭ್ರಮ. ಮಗಳು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, ‘ಅವಳಿಗೆ ಗೊತ್ತಾಗೋದೇ ಇಲ್ವಾ ಅಪ್ಪ?’

ಮಿಚಾಂಗ್ ಬಂದ ದಿನಗಳು

ಕೆಲವು ದಿನ ಬಿಟ್ಟು, ರಾತ್ರಿ ದೀಪ ಆರಿಸಿದ ಮೇಲೆ ಆ ತಾಯಿಯನ್ನು ಮೆಲ್ಲಗೆ ಹಿಡಿದು ಅರವತ್ತು ಲೀಟರಿನ ಟ್ಯಾಂಕಿಗೆ ಬಿಟ್ಟೆ. ಒಂದು ಸ್ಪಂಜ್ ಫಿಲ್ಟರ್, ಅವಿತುಕೊಳ್ಳಲು ಒಂದು ಮಡಕೆ ಚೂರು. ದಿನ ಕಳೆದಂತೆ ಗಂಟಲು ಉಬ್ಬಿತು, ಹೊಟ್ಟೆ ಒಳಗೆ ಹೋಯಿತು.

ಡಿಸೆಂಬರ್ 3ರ ರಾತ್ರಿ ಮಿಚಾಂಗ್ ಚಂಡಮಾರುತದ ಮಳೆ ಶುರುವಾಯಿತು. ಚೆನ್ನೈನಲ್ಲಿದ್ದವರಿಗೆ ಆ ದಿನಗಳನ್ನು ಬಿಡಿಸಿ ಹೇಳಬೇಕಿಲ್ಲ. ಸೋಮವಾರ ಬೆಳಗ್ಗೆ ನಮ್ಮ ಕರೆಂಟ್ ಹೋಯಿತು. ಕೆಳಗೆ ಪಾರ್ಕಿಂಗಿನಲ್ಲಿ ಮೊಣಕಾಲುದ್ದ ನೀರು. ಇನ್ವರ್ಟರ್ ಸಂಜೆಗೆ ಕೈಕೊಟ್ಟಿತು. ಬ್ಯಾಟರಿಯ ಸಣ್ಣ ಪಂಪ್ ಒಂದಿತ್ತು. ಅದನ್ನು ದೊಡ್ಡ ಟ್ಯಾಂಕಿಗೆ ಹಾಕಿದೆ. ಮೇವು ಪೂರ್ತಿ ನಿಲ್ಲಿಸಿದೆ. ಹೊಟ್ಟೆ ಖಾಲಿ ಇದ್ದರೆ ನೀರು ಕೆಡುವುದೂ ನಿಧಾನ, ಮೀನು ಉಸಿರಾಡುವುದೂ ಕಡಿಮೆ. ಚಿಕ್ಕ ಟ್ಯಾಂಕಿಗೆ ನಮ್ಮ ಕೈಯೇ ಪಂಪು. ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುವುದು, ಮತ್ತೆ ಎತ್ತುವುದು. ನಾನು, ಹೆಂಡತಿ, ಮಗಳು ಪಾಳಿ ಹಾಕಿಕೊಂಡು ಎರಡು ರಾತ್ರಿ ಕಳೆದೆವು. ಕಳ್ಳನನ್ನು ತಂದೆ ಎಂದು ಬೈದವಳೇ ನಡುರಾತ್ರಿ ಮೇಣದಬತ್ತಿ ಹಚ್ಚಿಕೊಂಡು, ‘ನೀವು ಮಲಗಿ, ನಾನು ಹಾಕ್ತೀನಿ’ ಎಂದಳು. ಎದುರು ಮನೆಯ ಪಾಟಿ ಗ್ಯಾಸಿನ ಮೇಲೆ ಸಾಂಬಾರು ಅನ್ನ ಮಾಡಿ ತಂದುಕೊಟ್ಟರು. ಮೀನಿಗೆ ಚೊಂಬಲ್ಲಿ ನೀರು ಹಾಕುತ್ತಿದ್ದ ನಮ್ಮನ್ನು ನೋಡಿ ಏನೂ ಕೇಳದೆ ಹೋದರು.

ಬುಧವಾರ ಮಧ್ಯಾಹ್ನ ಕರೆಂಟ್ ಬಂತು. ದೊಡ್ಡ ಟ್ಯಾಂಕಿನಲ್ಲಿ ಒಂದು ಕೋಗಿಲೆ ಮೀನು, ಒಂದು ಮುದಿ ಗಂಡು ಲ್ಯಾಬ್ ಸತ್ತಿದ್ದವು. ಚಿಕ್ಕ ಟ್ಯಾಂಕಿನವಳು ಮೇಲ್ಮಟ್ಟದಲ್ಲಿ ನಿಂತು ಕಿವಿರು ಬಡಿಯುತ್ತಿದ್ದಳು. ಬಾಯಿ ಮಾತ್ರ ತೆರೆದಿರಲಿಲ್ಲ. ಉಸಿರು ಕಟ್ಟಿದರೆ ಇಂಥ ತಾಯಂದಿರು ಸಾಮಾನ್ಯವಾಗಿ ಮರಿಗಳನ್ನು ಉಗುಳಿಬಿಡುತ್ತಾರೆ. ಇವಳು ಉಗುಳಲಿಲ್ಲ.

ಡಿಸೆಂಬರ್ 9ರ ಬೆಳಗ್ಗೆ ಬಾಯಿ ಬಿಟ್ಟಳು. ನಾಲ್ಕು ಮರಿ. ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ಉದ್ದ, ಮೈತುಂಬ ಚುಕ್ಕೆ, ಎಳೆ ಮೀಸೆ. ಝೀಬ್ರಾ ಮರಿ ಒಂದೂ ಇರಲಿಲ್ಲ.

ವರ್ಷಗಟ್ಟಲೆ ಕಾದ ಫಲ ಅದು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೆನ್ನು ಮೂಳೆ ಎದ್ದು ಕಾಣುತ್ತಿದ್ದ ಆ ತಾಯಿಯನ್ನು ನೋಡಿ ಫೋಟೊ ತೆಗೆಯಲು ಕೈ ಬರಲಿಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, ‘ಕಾಗೆ ಬೇಕೂಂತ ಸಾಕೋದಿಲ್ಲ, ಕೋಗಿಲೆನೂ ಬೇಕೂಂತ ಮಾಡೋದಿಲ್ಲ. ಬೇಕೂಂತ ಮಾಡಿದ್ದು ನೀನೊಬ್ಬನೇ’ ಎಂದಳು.

ತಾಯಿಗೊಂದು ಸರದಿ

ಅಮ್ಮನ ಮಾತಿಗೆ ಉತ್ತರವಾಗಿ ನಾನು ಮಾಡಿಕೊಂಡ ನಿಯಮಗಳು ಇವು. ಈ ಮೀನು ಸಾಕುವ ಆಸೆ ಇರುವವರಿಗೆ ಉಪಯೋಗವಾದೀತು.

ಮರಿ ಬಿಟ್ಟ ತಾಯಿಯನ್ನು ಕೂಡಲೇ ಗಂಡಿನ ಟ್ಯಾಂಕಿಗೆ ಹಾಕಬೇಡಿ. ಎರಡು ಮೂರು ವಾರ ಬೇರೆಯೇ ಇಟ್ಟು, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಮೇವು ಕೊಟ್ಟು ಮೈ ತುಂಬಿಸಿ. ಒಂದೇ ಹೆಣ್ಣಿನ ಮೇಲೆ ಭಾರ ಬೀಳದಂತೆ ಆರೇಳು ಹೆಣ್ಣುಗಳನ್ನು ಇಡಿ. ಮತ್ತೆ, ಒಂದು ಸಲ ಕೋಗಿಲೆ ಮರಿ ಹೊತ್ತವಳಿಗೆ ಮುಂದಿನ ಸಲ ಕೋಗಿಲೆ ಮೀನಿಲ್ಲದ ಟ್ಯಾಂಕು. ಇದು ನನ್ನ ಮಗಳು ಮಾಡಿದ ಕಾನೂನು. ಹೊತ್ತವಳು ಅವಳದ್ದನ್ನೂ ಹೊರಬೇಕು ಎನ್ನುತ್ತಾಳೆ.

ಮರಿಗಳನ್ನು ಆರ್ಟೀಮಿಯಾ ಕೊಟ್ಟು ಬೆಳೆಸಬಹುದು. ಸಣ್ಣ ಒಣ ಮೇವನ್ನೂ ಬೇಗ ಕಲಿಯುತ್ತವೆ. ಹೆಚ್ಚಾದರೆ ಅಂಗಡಿಗೋ ಗೆಳೆಯರಿಗೋ ಕೊಡಿ. ಯಾವ ಕಾರಣಕ್ಕೂ ಕೆರೆಗೆ ಬಿಡಬೇಡಿ. ಗಾಜು ನೆಕ್ಕುವ ಸಕ್ಕರ್ ಮೀನನ್ನು ಜನ ಹೀಗೆ ಬಿಟ್ಟದ್ದರಿಂದ ನಮ್ಮ ಕೆರೆಗಳಿಗೆ ಆಗಿರುವ ತೊಂದರೆಯೇ ಸಾಕು.

ಮಿಚಾಂಗ್ ದಿನಗಳ ಆ ತಾಯಿ 2024ರ ಫೆಬ್ರುವರಿಯಲ್ಲಿ ಮತ್ತೆ ಮೊಟ್ಟೆಯಿಟ್ಟಳು, ಬೇರೆ ಟ್ಯಾಂಕಿನಲ್ಲಿ. ಮೂರು ವಾರದ ಮೇಲೆ ಮಗಳು ಶಾಲೆಯಿಂದ ಬಂದು ಬ್ಯಾಗನ್ನೂ ಇಳಿಸದೆ ಎಣಿಸಿದಳು. ಮೂವತ್ತೊಂದು, ಎಲ್ಲವೂ ಕಿತ್ತಳೆ ಬಣ್ಣದವು. ಈಗ ಅವುಗಳಲ್ಲಿ ನಾಲ್ಕು ಎದುರು ಮನೆಯ ಪಾಟಿಯ ಟ್ಯಾಂಕಿನಲ್ಲಿವೆ. ಅವರ ಮನೆಗೂ ಅದೇ ಬೋರ್ ನೀರು.